ವೆಂಡೆಲನ ಟೋಪಿಯೊಳಗಿನ ಮೊಟ್ಟೆ

ಕೆರೆಕೇಶ್ ವೆಂಡೆಲನ ಕೈಗೆ ಸಿಕ್ಕ ಚೆಂಡು ಜಾರಿದ್ದಿಲ್ಲ. ಸಿಕ್ಕ ಬೇರೇನೂ ಉಳಿದದ್ದಿಲ್ಲ. ಮೊದಲ ಮಹಾಯುದ್ಧ ಮುಗಿದು ಎರಡನೆಯದು ಇನ್ನೂ ಹುಟ್ಟದ ಕಾಲ. ಹಂಗೇರಿಯ ತಿಸಾ ಹೊಳೆಯ ದಡದ ಪುಟ್ಟ ಊರೊಂದರಲ್ಲಿ ಅವನು ವಾರವೆಲ್ಲ ಬಂಡಿಯ ಗಾಲಿ ಮಾಡುತ್ತಿದ್ದ, ರಜೆಯ ದಿನ ಊರ ತಂಡದ ಗೋಲು ಕಾಯುತ್ತಿದ್ದ. ಆದರೆ ಪುಣ್ಯಾತ್ಮ ಯಾರ ಮನೆ ಹೊಕ್ಕರೂ ಒಂದು ಲೋಟವೋ ತಟ್ಟೆಯೋ ಚೂರಾಗಲೇಬೇಕು.

ಆ ಈಸ್ಟರ್ ಸೋಮವಾರ ಮಧ್ಯಾಹ್ನದ ಪಂದ್ಯ ನೋಡಲು ಬುಡಾಪೆಸ್ಟಿನಿಂದ ದೇಶದ ತಂಡ ಆರಿಸುವ ಸಾಹೇಬರು ಬರುವವರಿದ್ದರು. ಬೆಳಿಗ್ಗೆ ಆ ಹಬ್ಬದ ವಾಡಿಕೆಯಂತೆ ಊರ ಗಂಡುಗಳೆಲ್ಲ ಬಕೆಟ್ ಹಿಡಿದು ಹುಡುಗಿಯರ ಮೇಲೆ ನೀರೆರಚಲು ಹೊರಟರು. ವೆಂಡೆಲನೂ ತಾನು ಮನಸೋತ ಎತೆಲ್ಕಾಳ ಅಂಗಳಕ್ಕೆ ನುಗ್ಗಿ ಬಾವಿ ನೀರು ಸುರಿದ. ಆ ಭರದಲ್ಲಿ ಅವಳಮ್ಮನ ಹೂಕುಂಡವೂ ಉರುಳಿ ಎರಡಾಯಿತು.

ಎತೆಲ್ಕಾ ಒದ್ದೆ ಜಡೆ ಹಿಂಡುತ್ತಾ, ಪದ್ಧತಿಯಂತೆ ಕೆಂಪು ಬಣ್ಣ ಹಚ್ಚಿದ ಮೊಟ್ಟೆಯೊಂದನ್ನು ಅವನ ಅಂಗೈಗಿಟ್ಟಳು.

"ಮದುವೆ ಮದುವೆ ಅಂತ ಪ್ರಾಣ ತಿಂತಿದ್ದೀಯಲ್ಲ? ಸಂಜೆ ಕುಣಿತಕ್ಕೆ ಇದನ್ನ ಒಡೀದೆ ತಗೊಂಡ್ ಬಾ. ಹೂಂ ಅಂತೀನಿ."

"ಒಡೆದ್ರೆ?"

"ಒಂದ್ ಮೊಟ್ಟೆ ಕಾಯಕ್ಕಾಗ್ದೋನು ನನ್ನೇನ್ ಕಾಯ್ತೀಯ?"

ಮನೆಯಲ್ಲಿಡೋಣವೆಂದರೆ ತಮ್ಮಂದಿರು ಮೊಟ್ಟೆಗೆ ಮೊಟ್ಟೆ ಕುಟ್ಟುವ ಹಬ್ಬದಾಟಕ್ಕೆ ಎತ್ತಿಕೊಂಡಾರು. ತಂಡದ ಕೋಣೆಯಲ್ಲಿರುವವರೂ ಅದೇ ಜಾತಿ. ಚಡ್ಡಿಗೆ ಜೇಬಿಲ್ಲ. ಕೊನೆಗೆ ಕರವಸ್ತ್ರವನ್ನು ಸಿಂಬಿ ಸುತ್ತಿ, ನೆತ್ತಿಯ ಮೇಲೆ ಮೊಟ್ಟೆ ಕೂರಿಸಿ, ಮೇಲೆ ಟೋಪಿ ಹಾಕಿಕೊಂಡು ಮೈದಾನಕ್ಕಿಳಿದ. ಅಬ್ಬಾ, ಏನು ತಲೆ!

ಹಾರಲಿಲ್ಲ, ಬೀಳಲಿಲ್ಲ, ಕತ್ತು ಕೂಡ ಬಗ್ಗಿಸಲಿಲ್ಲ. ಕೆಳಗೆ ಬಂದ ಚೆಂಡನ್ನು ಒದ್ದ, ಮೇಲೆ ಬಂದದ್ದನ್ನು ಕೈ ಚಾಚಿ ಹಿಡಿದ.

"ಏನ್ ಗಾಂಭೀರ್ಯ ರೀ!" ಎಂದು ಸಾಹೇಬರು ಪಕ್ಕದಲ್ಲಿದ್ದ ತರಬೇತುದಾರ ಬಾರ್ನಾನ ತೊಡೆ ತಟ್ಟಿದರು. "ನಮ್ಮೋರು ಕಪ್ಪೆ ಥರ ಕುಪ್ಪಳಿಸ್ತಾರೆ. ಇವತ್ತು ಗೋಲು ಬಿಡ್ಲಿಲ್ಲ ಅಂದ್ರೆ ಇವನನ್ನ ಬುಡಾಪೆಸ್ಟಿಗೆ ಕರ್ಕೊಂಡ್ ಹೋಗ್ತೀನಿ."

ಬಾರ್ನಾ ಗೋಲಿನ ಹಿಂದಕ್ಕೆ ಓಡಿದ. "ಲೋ ವೆಂಡೆಲ್, ಒಂದೂ ಬಿಡಬೇಡ ಕಣೋ. ದೇಶದ ತಂಡ ನಿಂಗೆ ಕಾಯ್ತಿದೆ!"

"ಆಯ್ತು ಮಾಮ," ಎಂದ ವೆಂಡೆಲ್, ತಲೆಯಾಡಿಸದೆ.

ಇನ್ನೇನು ಮುಗಿಯಿತು ಎನ್ನುವಾಗ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ನೆಲ ಸವರಿಕೊಂಡು ಮೂಲೆಗೆ ಬಂತು. ವೆಂಡೆಲನಿಗೆ ಮೊಟ್ಟೆ ಮರೆತೇಹೋಯಿತು, ಹಾರಿಯೇಬಿಟ್ಟ. ಚೆಂಡು ಬೆರಳಿಗೆ ತಾಕುವಷ್ಟರಲ್ಲಿ ಟೋಪಿ ಎಗರಿತು, ಮೊಟ್ಟೆ ಕಂಬದತ್ತ ಚಿಮ್ಮಿತು. ಕೈ ಎರಡಿದ್ದರೇನು, ಮನಸ್ಸು ಒಂದೇ ತಾನೆ? ಗಾಳಿಯಲ್ಲೇ ಮೈ ತಿರುಚಿ, ಕಂಬಕ್ಕೆ ಗೇಣು ದೂರದಲ್ಲಿ ಮೊಟ್ಟೆ ಹಿಡಿದ. ಚೆಂಡು ಬಲೆ ಸೇರಿತು.

ಅವನು ಜನ್ಮದಲ್ಲಿ ಹಿಡಿದದ್ದರಲ್ಲೆಲ್ಲ ಅದೇ ಶ್ರೇಷ್ಠ. ಹಾಳಾದ ಪತ್ರಿಕೆಯವರು ಒಂದು ಸಾಲೂ ಬರೆಯಲಿಲ್ಲ.

"ಚೆಂಡು ಬಿಟ್ಟು ಮೊಟ್ಟೆ ಹಿಡಿಯೋನು ನಮಗ್ಯಾಕಪ್ಪ?" ಎಂದು ಸಾಹೇಬರು ರೈಲು ಹತ್ತಿದರು.

ಸಂಜೆ ವೆಂಡೆಲ್ ಕೆಂಪಾದ ಕಣ್ಣಲ್ಲಿ ಕುಣಿತಕ್ಕೆ ಬಂದು ಮೊಟ್ಟೆ ನೀಡಿದ.

"ಪೆದ್ದೇ! ಚೆಂಡು ಯಾಕೋ ಬಿಟ್ಟೆ?" ಎಂದಳು ಎತೆಲ್ಕಾ.

"ಇದು ಒಡೆದುಹೋಗ್ತಿತ್ತಲ್ಲೇ."

ಅವಳು ಮೊಟ್ಟೆಯನ್ನು ಕಿತ್ತುಕೊಂಡು ಮೇಜಿಗೆ ಕುಟ್ಟಿದಳು. ಟಕ್ ಎಂದಿತು, ಬಿರುಕೂ ಬಿಡಲಿಲ್ಲ.

"ಮರದ್ದು ಕಣೋ! ಅಮ್ಮ ಹರಿದ ಕಾಲುಚೀಲದೊಳಗಿಟ್ಟು ಹೊಲಿಯೋದು. ನಿಜವಾದ್ದು ಕೊಟ್ರೆ ನಿನ್ನ ಕೈಲಿ ಬೇಲಿ ದಾಟೋ ತನಕ ಉಳೀತಿತ್ತಾ? ನೀನು ಸೋಲಬಾರ್ದು ಅಂತ ನಾನೇ ಬಣ್ಣ ಹಚ್ಚಿ..." ಎನ್ನುತ್ತಾ ಗೊಳೋ ಎಂದು ಅತ್ತಳು.

ಹುಟ್ಟಿದಾಗಿನಿಂದ ಮರದ ಜೊತೆ ಬದುಕಿದ ವೆಂಡೆಲ್ ಆ ಮೊಟ್ಟೆಯನ್ನು ಆಗಷ್ಟೇ ಗಟ್ಟಿಯಾಗಿ ಒತ್ತಿ ನೋಡಿದ. ಬೆಳಗಿನಿಂದ ಅಷ್ಟು ಧೈರ್ಯ ಬಂದಿರಲಿಲ್ಲ.

"ಒಳ್ಳೇ ಮರ," ಎಂದ. ಆಮೇಲೆ ಹೆದರುತ್ತಲೇ ಕೇಳಿದ, "ಹಾಗಾದ್ರೆ, ಹೂಂ ಅಂತೀಯೋ ಇಲ್ವೋ?"

"ಬೆಳಿಗ್ಗೆನೇ ಅಂದಾಯ್ತಲ್ಲೋ!"

ವೆಂಡೆಲ್ ಹೊಟ್ಟೆ ಬರುವ ತನಕ ಆ ಊರ ಗೋಲನ್ನೇ ಕಾದ. ಅವನ ಹರಿದ ಕಾಲುಚೀಲಗಳನ್ನೆಲ್ಲ ಎತೆಲ್ಕಾ ಅದೇ ಕೆಂಪು ಮೊಟ್ಟೆಯ ಮೇಲಿಟ್ಟು ಹೊಲಿದಳು.