ಬೆನ್ನು ಬರೆದ ಪುಟ

ಮಹಾನಂದಳಿಗೆ ಬಿಳಿ ಹಾಳೆಯ ಮೇಲೆ ಏನೂ ಬರುತ್ತಿರಲಿಲ್ಲ. ಸಂಪಿಗೆ ರಸ್ತೆಯ ಅಂಗಡಿಯಿಂದ ಡ್ರಾಯಿಂಗ್ ಪುಸ್ತಕ, ಪೆನ್ಸಿಲ್ಲು, ಕಪ್ಪು ಪೆನ್ನು ತಂದು ಊಟದ ಮೇಜಿನ ಮುಂದೆ ಕೂತರೆ, ಕೈ ತಾನಾಗಿಯೇ ಮೊದಲು ಚುಕ್ಕಿ ಇಡುತ್ತಿತ್ತು. ಲಂಗ ಉಡುವ ವಯಸ್ಸಿನಿಂದ ಬಾಗಿಲಿಗೆ ರಂಗೋಲಿ ಹಾಕಿದ ಕೈ ಅದು. ಚುಕ್ಕಿ ಇಟ್ಟಮೇಲೆ ಗೆರೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತು. ನೋಡನೋಡುತ್ತ ಹಾಳೆಯ ತುಂಬ ಬಾಗಿಲ ರಂಗೋಲಿಯೇ. ಅವಳು ಬರೆಯಬೇಕೆಂದುಕೊಂಡಿದ್ದು ಕುಕ್ಕರು, ಕಿಟಕಿಯಾಚೆಯ ನಲ್ಲಿ, ತನ್ನದೇ ಪಾದ.

ಪುಸ್ತಕದ ಪುಟ ಸಿಕ್ಕಿದ್ದು ಅಕಸ್ಮಾತ್ತಾಗಿ. ಗಂಡ ಚಿದಂಬರ ತೀರಿಕೊಂಡು ವರ್ಷ ತುಂಬಿತ್ತು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಆತನ ಪುಸ್ತಕಗಳು ಹಾಲ್‌ನ ಒಂದು ಗೋಡೆಯನ್ನೇ ಆಕ್ರಮಿಸಿದ್ದವು. ಇದ್ದಾಗ ಅವಳು ಧೂಳು ಹೊಡೆಯಲು ಹೋದರೂ, "ಕೈ ಒದ್ದೆ ಇದೆ, ಮುಟ್ಬೇಡ" ಎನ್ನುತ್ತಿದ್ದ. ಅವಳ ಕೈ ಒಣಗಿದ್ದ ಹೊತ್ತು ಆ ಮನೆಯಲ್ಲಿ ಯಾವುದಿತ್ತು? ಒಂದು ಬೆಳಿಗ್ಗೆ ಗ್ಯಾಸಿನವನು ಫೋನಿನಲ್ಲಿ ಹೇಳಿದ ನಂಬರು ಬರೆದುಕೊಳ್ಳಲು ಕಾಗದ ಸಿಗದೆ, ಕೈಗೆ ಬಂದ ಪುಸ್ತಕವನ್ನು ತೆರೆದಳು. ನಂಬರಿನ ಪಕ್ಕ ಪೆನ್ನು ಸುಮ್ಮನೆ ಆಡಿತು. ಅಚ್ಚಿನ ಅಕ್ಷರಗಳೇ ಚುಕ್ಕಿಗಳಂತೆ ಕಂಡವು, ಯಾರೋ ಮೊದಲೇ ಇಟ್ಟುಹೋದ, ಯಾವ ರಂಗೋಲಿಯ ಲೆಕ್ಕಕ್ಕೂ ಸೇರದ ಚುಕ್ಕಿಗಳು. ಸೊನ್ನೆಯಿಂದ ಸೊನ್ನೆಗೆ ಎಳೆದ ಗೆರೆ ನಲ್ಲಿಯಾಯಿತು. ಓರೆ ನಲ್ಲಿ, ಆದರೂ ನಲ್ಲಿ.

ಆಮೇಲೆ ಅದೇ ಪುಸ್ತಕವನ್ನು ದಿನಾ ತೆಗೆಯತೊಡಗಿದಳು. ಮೊದಲು ಕಣ್ಣಿಗೊತ್ತಿಕೊಂಡು ಸರಸ್ವತಿಯಲ್ಲಿ ತಪ್ಪಾಯಿತೆಂದು ಬೇಡಿಕೊಳ್ಳುವುದು, ಆಮೇಲೆ ಬರೆಯುವುದು. ಉಳಿದ ಡಿಕಾಕ್ಷನ್‌ನಲ್ಲಿ ಹತ್ತಿ ಅದ್ದಿ ನೆರಳು ಬಳಿದಳು. ಪುಟ ಸುಕ್ಕುಗಟ್ಟಿ ಕಂದುಬಣ್ಣ ಹಿಂದಿನ ನಾಲ್ಕು ಪುಟಕ್ಕೆ ಇಳಿಯಿತು. ಮುಂದಿನ ಸಲ ಹತ್ತಿಯನ್ನು ಚೆನ್ನಾಗಿ ಹಿಂಡಿದಳು. ಯಾರಿಗೂ ತೋರಿಸಲಿಲ್ಲ. ತೋರಿಸಲು ಯಾರಾದರೂ ಬೆಲ್ ಒತ್ತಬೇಕಲ್ಲ.

ಬೆಲ್ ಒತ್ತಿದ್ದು ಚಿದಂಬರನ ಅಕ್ಕ ಶಕುಂತಲಮ್ಮ. ಜೊತೆಯಲ್ಲಿ ಮಗಳು ಶರಣ್ಯ, ಖಾಲಿ ರಟ್ಟಿನ ಡಬ್ಬಗಳು. ಮತ್ತಿಕೆರೆಯ ವಿದ್ಯಾರ್ಥಿಗಳ ಹಾಸ್ಟೆಲ್ಲಿಗೆ ಎಲ್ಲ ಪುಸ್ತಕವನ್ನೂ ತಮ್ಮನ ಹೆಸರಿನಲ್ಲಿ ಕೊಡುವುದೆಂದು ಆಕೆ ವರ್ಷಾಬ್ದಿಕದ ದಿನವೇ ತೀರ್ಮಾನಿಸಿದ್ದರು. ಮಹಾನಂದ ಆಗ ಹೂಂ ಅಂದಿದ್ದಳು. ಈಗ ತಾನು ಚಿತ್ರ ಬರೆದ ಪುಸ್ತಕವೊಂದನ್ನು ಉಳಿಸಿಕೊಳ್ಳುವುದು ಹೇಗೆಂದು ಬೆಳಗಿನಿಂದ ಒದ್ದಾಡಿ, ಆತನ ಪುಸ್ತಕವನ್ನು ಬಚ್ಚಿಟ್ಟರೆ ಕದ್ದಂತೆ ಎನಿಸಿ, ಸಾಲಿನಲ್ಲೇ ಬಿಟ್ಟಿದ್ದಳು.

ಅದು ಶಕುಂತಲಮ್ಮನ ಕೈಗೇ ಸಿಕ್ಕಿತು.

"ಇದೇನೇ ಮಹಾ, ಯಾರ ಮನೆ ಮಗು ಹೀಗೆ ಗೀಚ್ಬಿಟ್ಟಿದೆ?"

ಮಗು ಎಂಬ ಮಾತು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮಹಾನಂದಳ ಬಾಯಲ್ಲಿ ಸುಳ್ಳು ತಾನಾಗಿ ಬಂತು. "ಮೇಲಿನ ಮನೇದು, ಅತ್ತಿಗೆ."

"ಮಕ್ಕಳ ಕೈಗೆ ಪುಸ್ತಕ ಕೊಟ್ರೆ ಇನ್ನೇನಾಗುತ್ತೆ! ಶರಣ್ಯಾ, ಇದನ್ನ ರದ್ದಿಗೆ ಹಾಕು."

ಶರಣ್ಯ ಪುಟ ತಿರುಗಿಸಿದಳು. "ಅಮ್ಮಾ, ಕುಕ್ಕರ್ ಗ್ಯಾಸ್ಕೆಟ್ ಬರೆಯೋ ಮಗು ಎಲ್ಲಾದ್ರೂ ಇರುತ್ತಾ? ಇದು ಸಂಸಾರಸ್ಥ ಮಗು ಇರ್ಬೇಕು." ನಗುತ್ತಲೇ ಪುಸ್ತಕವನ್ನು ಬಾಗಿಲ ಬಳಿಯ ರದ್ದಿಯ ಮೇಲಿಟ್ಟಳು.

ಮಹಾನಂದ ಹೋಗಿ ಎತ್ತಿಕೊಂಡಳು. "ರದ್ದಿಗೆ ಬೇಡ. ನಾನು ಬರೆದಿದ್ದು."

"ನೀನಾ? ಚಿದು ಪುಸ್ತಕದ ಮೇಲೆ? ಅವನಿದ್ದಿದ್ರೆ..."

"ಇದ್ದಿದ್ರೆ ಬರೀತಾನೇ ಇರ್ಲಿಲ್ಲ, ಅತ್ತಿಗೆ."

ಶಕುಂತಲಮ್ಮ ಪುಸ್ತಕವನ್ನು ಕಿತ್ತುಕೊಂಡು ಸಿಟ್ಟಿನಿಂದಲೇ ಪುಟಗಳನ್ನು ಮಗುಚಿದರು. ಒಂದು ಕಡೆ ಕೈ ನಿಂತಿತು. ಕುರ್ಚಿಯಲ್ಲಿ ಕೂತು ಓದುತ್ತಿರುವ ಗಂಡಸಿನ ಬೆನ್ನು. ಎಡ ಭುಜ ಒಂದಿಷ್ಟು ಇಳಿದಿತ್ತು.

"ನಮ್ಮ ಚಿದು," ಎಂದರು ಮೆಲ್ಲಗೆ. "ಸೀಬೆ ಮರದಿಂದ ಬಿದ್ದಾಗಿಂದ ಆ ಭುಜ ಹಾಗೇ." ಬೆರಳು ಗೆರೆಯ ಮೇಲೆ ಹೋಯಿತು. "ಮುಖ ಯಾಕೆ ಬರೀಲಿಲ್ಲ?"

"ಬರಲ್ಲ, ಅತ್ತಿಗೆ. ಕಾಫಿ ಹಿಡ್ಕೊಂಡು ಹಿಂದೇನೇ ನಿಂತಿರ್ತಿದ್ದೆ. ನಂಗೆ ಚೆನ್ನಾಗಿ ಗೊತ್ತಿರೋದು ಬೆನ್ನೇ."

ಶರಣ್ಯ ಡಬ್ಬಕ್ಕೆ ಟೇಪು ಹಚ್ಚುವುದನ್ನು ನಿಲ್ಲಿಸಿದಳು. ಶಕುಂತಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಈ ಪುಟ ಹರಿದು ಕೊಡು. ಫ್ರೇಮ್ ಹಾಕಿಸ್ತೀನಿ."

ಕೇಳಿದ್ದನ್ನು ಕೊಟ್ಟೇ ಅಭ್ಯಾಸವಾದ ಮಹಾನಂದಳ ಕೈ ಪುಟದ ಅಂಚಿಗೆ ಹೋಯಿತು. ಅಲ್ಲೇ ತಡೆದು ನಿಂತಿತು.

"ಇದನ್ನ ಕೊಡಲ್ಲ, ಅತ್ತಿಗೆ. ಇನ್ನೊಂದು ಬರೆದು ಕೊಡ್ತೀನಿ. ಅದಕ್ಕೆ ಒಂದು ಪುಸ್ತಕ ಬಿಟ್ಟುಹೋಗಿ."

ಶಕುಂತಲಮ್ಮ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. "ತಗೋ," ಎಂದು ಕೊನೆಗೆ ಪುಸ್ತಕವನ್ನು ಅವಳ ಕೈಗಿತ್ತರು, "ಇನ್ನೊಂದೂ ಇಟ್ಕೋ." ಶರಣ್ಯ ಡಬ್ಬದಿಂದ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ಮೇಜಿನ ಮೇಲಿಟ್ಟಳು. "ಪ್ರಾಕ್ಟೀಸ್ ಮಾಡಿ ಅತ್ತೆ, ಆಮೇಲೆ ನನ್ನದೂ ಒಂದು. ಮೂಗು ಮಾತ್ರ ಸ್ವಲ್ಪ ಸಣ್ಣ ಮಾಡಿ."

ಆಟೋ ಹೋದಮೇಲೆ ಹಾಲ್‌ನಲ್ಲಿ ಗೋಡೆ ಕಂಡಿತು. ಅದರ ಬಣ್ಣ ತಿಳಿಹಸಿರು ಎಂಬುದನ್ನೇ ಮಹಾನಂದ ಮರೆತಿದ್ದಳು. ಗಂಟಲು ಸರಿಮಾಡಿಕೊಂಡರೆ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು.

ದಪ್ಪ ಪುಸ್ತಕ ತೆರೆದು ಬೆನ್ನು ಬರೆಯತೊಡಗಿದಳು. ಭುಜ ನೆಟ್ಟಗೆ ಬಂತು, ಯಾರೋ ದಾರಿಹೋಕನ ಬೆನ್ನು. ಮತ್ತೊಂದು ಪುಟ. ಈ ಸಲ ಭುಜ ತೀರಾ ಇಳಿದು ಅಜ್ಜನಾದ. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು, ಮಹಾನಂದ ಏಳಲಿಲ್ಲ.

ಆತ ಹಾಗೆಯೇ ತಿರುಗಿ ನೋಡಿದ್ದರೆ ಕೆನ್ನೆ ಎಲ್ಲಿ ಶುರುವಾಗುತ್ತಿತ್ತು? ಕಿವಿಯ ಪಕ್ಕದಿಂದ ಒಂದು ಗೆರೆ ಎಳೆದು ನೋಡಿದಳು. ಅಲ್ಲ ಎನಿಸಿತು. ಪುಟ ತಿರುಗಿಸಿದಳು. ಪುಟಗಳಿಗೇನೂ ಬರವಿರಲಿಲ್ಲ.