ಒಂದೇ ಪಿನ್ನು, ಎರಡು ಅಳತೆ

ಬಂಕಾಪುರದ ಹತ್ತಿರ, ಹೆದ್ದಾರಿಯ ಮಗ್ಗುಲಿಗೆ, ಟ್ರ್ಯಾಕ್ಟರಿಗೆ ಬೇಕಾದ ಉಕ್ಕಿನ ಪಿನ್ನು ಮಾಡುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿನ ತಪಾಸಣೆ ಕೋಣೆಯಲ್ಲಿ ಮೂವರು ಕೆಲಸ ಮಾಡುತ್ತಿದ್ದರು: ಎಲ್ಲರಿಗಿಂತ ಹಿರಿಯಳಾದ ಜಯಶ್ರೀ, ಖಾದರಸಾಬ, ಮತ್ತು ಶಿಗ್ಗಾಂವಿಯಿಂದ ಬರುತ್ತಿದ್ದ ತನುಜಾ. ತನುಜಾಗೆ ಪಿನ್ನಿನ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿಯಲು ಕಲಿಸಿದವಳೇ ಜಯಶ್ರೀ. ಅವಳು ಸರಿ ಅಂದರೆ ಮಾಲು ಗಾಡಿ ಹತ್ತುತ್ತಿತ್ತು, ಇಲ್ಲ ಅಂದರೆ ಇಲ್ಲ.

ದೀಪಾವಳಿ ಕಳೆದ ಮೇಲೆ, ಲೇತ್ ಎಂಬ ಕಡೆಯುವ ಯಂತ್ರದಲ್ಲಿ ಹುಲಗೇಶ ಮಾಡಿದ ಪಿನ್ನುಗಳು ಒಂದೇ ಸಮನೆ ರಿಜೆಕ್ಟ್ ಆಗತೊಡಗಿದವು. ಅವನ ಲೇತಿನ ಮಾಲು ಜಯಶ್ರೀಯ ಪಾಲಿಗೆ, ಉಳಿದವರದು ಇನ್ನಿಬ್ಬರ ಪಾಲಿಗೆ ಬರುತ್ತಿತ್ತು. "ಸಣ್ಣ ಆಗ್ಯಾವ" ಎಂದು ಅವಳು ಕೆಂಪು ಪೆಟ್ಟಿಗೆಗೆ ಹಾಕುತ್ತಿದ್ದಳು.

"ನಾ ಅಳದಾಗ ಸರಿ ಇದ್ವಲ್ರಿ ಅಕ್ಕಾರ" ಎಂದ ಹುಲಗೇಶ.

"ನಿನ್ನ ಮೈಕ್ರೋಮೀಟರ್ ಸವದಿರಬೇಕು."

ದುಂಡಸಿಯ ಈ ಹುಲಗೇಶನಿಗೆ ಲೇತಿನ ಕೆಲಸದಲ್ಲಿ ಒಳ್ಳೆಯ ಹೆಸರಿತ್ತು. ಟೂಲ್ ಬದಲಿಸಿದ, ಮಷೀನು ಬಿಚ್ಚಿ ಮತ್ತೆ ಕೂಡಿಸಿದ, ಊಟ ಬಿಟ್ಟು ನಿಂತ. ಏನೂ ಆಗಲಿಲ್ಲ. ಕುಡಿದು ಬರುತ್ತಾನೆಂದು ಯಾರೋ ಸುದ್ದಿ ಹಬ್ಬಿಸಿದರು. ಮ್ಯಾನೇಜರ್ ಲೋಹಿತ ಅವನನ್ನು ಲೇತಿನಿಂದ ಎಬ್ಬಿಸಿ, ಅಂಗಳದಲ್ಲಿ ಕಬ್ಬಿಣದ ಚೂರು ಬಳಿಯಲು ಹಚ್ಚಿದ.

ಜಯಶ್ರೀ ರಜೆ ಹಾಕಿದ್ದ ದಿನ ತನುಜಾ ಕೆಂಪು ಪೆಟ್ಟಿಗೆಯಿಂದ ಕೆಲವು ಪಿನ್ನು ತೆಗೆದು ಸುಮ್ಮನೆ ಅಳೆದಳು. ಸರಿಯಾಗಿದ್ದವು. ಬೇರೆ ತೆಗೆದಳು. ಅವೂ ಸರಿ.

ಲೋಹಿತನ ಹತ್ತಿರ ಹೋಗಿ, ಯಾರ ಹೆಸರನ್ನೂ ಎತ್ತದೆ ಹೇಳಿದಳು. "ಸರ್, ಪಿನ್ನು ನೋಡೂ ಮೊದಲ ನಮ್ಮ ಅಳತೀನ ನೋಡೂಣ್ರಿ. ಅವೇ ಪಿನ್ನು, ಅದೇ ಮೈಕ್ರೋಮೀಟರ್, ಮೂರೂ ಮಂದಿ ಅಳೀತೇವಿ. ಕಲಸಿ ಮತ್ತ ಕೊಡ್ರಿ. ಯಾವ ಪಿನ್ನು ಅನ್ನೂದು ನಮಗ ಗೊತ್ತಾಗಬಾರದು."

ಇಂಥದ್ದೊಂದು ಪರೀಕ್ಷೆ ಇದೆಯೆಂದು ಲೋಹಿತನಿಗೆ ಗೊತ್ತಿತ್ತು, ಮಾಡಿರಲಿಲ್ಲ ಅಷ್ಟೇ. ಮರುದಿನ ಮಾಡಿಸಿದ.

ತನುಜಾ ಮತ್ತು ಖಾದರಸಾಬರ ಅಳತೆ ಹೆಚ್ಚುಕಡಿಮೆ ಒಂದೇ ಬಂತು. ಜಯಶ್ರೀಯ ಅಳತೆ ಇವರಿಬ್ಬರಿಗೂ ತಾಳೆಯಾಗಲಿಲ್ಲ, ಅದೇ ಪಿನ್ನಿಗೆ ಅವಳೇ ಮೊದಲ ಸಲ ಹೇಳಿದ ಅಳತೆಗೂ ತಾಳೆಯಾಗಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದ ತನುಜಾಗೆ ಕಾರಣ ಕಂಡಿತು. ಮೈಕ್ರೋಮೀಟರಿನ ತುದಿಯಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಹಿಡಿತ ಸಾಕಾದಾಗ ಅದು ಕಟಕಟ ಎಂದು ಜಾರುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಜಯಶ್ರೀ ಅದನ್ನು ಮುಟ್ಟದೆ ದಪ್ಪ ಹಿಡಿಯನ್ನೇ ಹಿಡಿದು ಬಿಗಿಯುತ್ತಿದ್ದಳು. ಹಾಗೆ ಬಿಗಿದಷ್ಟೂ ಪಿನ್ನು ಇದ್ದುದಕ್ಕಿಂತ ಸಣ್ಣದೆಂದು ತೋರುತ್ತದೆ.

ಚಹಾದ ಹೊತ್ತಿನಲ್ಲಿ ತನುಜಾ ಅವಳನ್ನು ನಳದ ಹತ್ತಿರ ಕರೆದೊಯ್ದಳು. "ಅಕ್ಕಾರ, ತಿರುಪು ಯಾಕ ಬಿಟ್ರಿ?"

"ನನಗ ಕಲಸಾಕ ಬಂದೀಯೇನ?" ಎಂದು ಜಯಶ್ರೀ ಸಿಡುಕಿದಳು. ಆಮೇಲೆ ಅವಳ ದನಿ ಇಳಿಯಿತು. "ಸಕ್ಕರಿ ಬ್ಯಾನಿ. ಬೆರಳಿನ ತುದಿ ಜೋಮ ಹಿಡದು ಹಂಗ ಉಳದಾವ. ಮಷೀನಿನ ಗದ್ದಲದಾಗ ಕಟಕಟ ಕೇಳೂದಿಲ್ಲ, ಕೈಗೂ ತಿಳಿಯೂದಿಲ್ಲ. ಸಡಲ ಐತೇನೋ ಅಂತ ಬಿಗೀತೇನಿ."

"ಹುಲಗೇಶಣ್ಣನ ಗತಿ?"

"ಅವನ ಮಾರಿ ನೋಡಾಕ ಆಗವಲ್ದು ನನಗ. ಆದ್ರ ಹೇಳಿದ್ರ ನನ್ನ ಎಲ್ಲಿ ಕುಂದ್ರಸ್ತಾರ? ಸುಮ್ಮನಿರು ತನುಜಾ. ಡಾಕ್ಟರಿಗೆ ತೋರಿಸ್ಕೊಂಡ ಬರ್ತೇನಿ."

ಅಷ್ಟರಲ್ಲಿ ಲೋಹಿತ ಮೂವರನ್ನೂ ಕರೆದ.

"ಜಯಶ್ರೀ ಅವರ ಅಳತಿ ಯಾಕೋ ಇವತ್ತ ಹೊಂದವಲ್ದು. ಹಿರೇರು, ದಣಿದಿರಬೇಕು. ಅದನ್ನ ಬಿಟ್ಟ ಉಳಿದದ್ದನ್ನ ಹಿಡಿಯೂಣು" ಎಂದ ಅವನು.

ಹಾಗೆ ಬಿಟ್ಟರೆ ಜಯಶ್ರೀ ಹಿಂದೆ ರಿಜೆಕ್ಟ್ ಮಾಡಿದ್ದೆಲ್ಲ ಸರಿಯೆಂದೇ ಉಳಿಯುತ್ತದೆ, ಯಾರ ತಪ್ಪೂ ಇಲ್ಲ; ಹುಲಗೇಶನ ಮೇಲಿನ ಅಪವಾದ ಮಾತ್ರ ಹಾಗೇ ಉಳಿಯುತ್ತದೆ. ಜಯಶ್ರೀ ತಲೆ ಎತ್ತಲಿಲ್ಲ. ಹೊರಗೆ ಹುಲಗೇಶನ ಸಲಿಕೆ ಕೆರೆಯುವ ಸಪ್ಪಳ ಕೇಳುತ್ತಿತ್ತು.

"ಬಿಡಬ್ಯಾಡ್ರಿ ಸರ್" ಎಂದಳು ತನುಜಾ. "ಹುಲಗೇಶಣ್ಣನ ಪಿನ್ನು ಸರಿ ಅದಾವು. ಅಕ್ಕಾರ ಬೆರಳಿಗೆ ಜೋಮ ಹಿಡದೈತಿ. ಅವರಿಗೆ ಹಿಡಿತ ತಿಳಿಯವಲ್ದು."

"ಖರೇ ಐತ್ರಿ" ಎಂದಳು ಜಯಶ್ರೀ, ಮತ್ತು ಎದ್ದು ಹೋದಳು.

ಕೆಂಪು ಪೆಟ್ಟಿಗೆಯ ಮಾಲು ಮತ್ತೆ ಅಳೆದಾಗ ಬಹುಪಾಲು ಪಾಸಾಯಿತು. ಹುಲಗೇಶ ಲೇತಿಗೆ ಮರಳಿದ. ಆದರೆ ಎಲ್ಲರೆದುರು ತಪ್ಪಾಯಿತೆಂದು ಲೋಹಿತ ಹೇಳಲಿಲ್ಲ. "ಕುಡೀತಾನ ಅಂದವ್ರ ಬಾಯಿ ಮುಚ್ಚಸೋರು ಯಾರು ತಂಗಿ?" ಎಂದು ಹುಲಗೇಶ ತನುಜಾಳನ್ನು ಕೇಳಿದ.

ಜಯಶ್ರೀಯನ್ನು ಪ್ಯಾಕಿಂಗಿಗೆ ಹಾಕಿದರು. ಆ ವಾರವೇ ಪೆಟ್ಟಿಗೆಗೆ ಬಿಗಿಯುವ ತಗಡಿನ ಪಟ್ಟಿ ಅವಳ ಬೆರಳು ಕೊಯ್ದಿತು. ರಕ್ತ ಹತ್ತಿ ಪೆಟ್ಟಿಗೆಯ ರಟ್ಟು ಕೆಂಪಾದರೂ ಅವಳಿಗೆ ಗೊತ್ತಾಗಿರಲಿಲ್ಲ. ನೋಡಿದ ತನುಜಾ ಅರಿವೆ ಹಿಡಿದು ಓಡಿದಳು. "ನೀ ಬ್ಯಾಡ" ಎಂದು ಜಯಶ್ರೀ ಕೈ ಹಿಂದಕ್ಕೆ ಎಳೆದುಕೊಂಡಳು. ಕೊನೆಗೆ ಖಾದರಸಾಬರೇ ಅರಿವೆ ಸುತ್ತಿ, ತಮ್ಮ ಗಾಡಿಯ ಮೇಲೆ ಕೂರಿಸಿಕೊಂಡು ಶಿಗ್ಗಾಂವಿಯ ದವಾಖಾನೆಗೆ ಹೊರಟರು.

ಲೇತು ನಿಲ್ಲಿಸಿ ಹುಲಗೇಶ ಬಾಗಿಲಿಗೆ ಬಂದ. "ಜೋಡಿ ನೀನೂ ಹೋಗಬೇಕಿತ್ತವ್ವಾ."

"ಅವರು ಬ್ಯಾಡ ಅಂದ್ರು" ಎಂದಳು ತನುಜಾ.