ಮಾವನವರ ಫ್ಲಾಪಿ

ಹಳೆಯ ಕಾಲದ ಮನೆ ಕಂಪ್ಯೂಟರುಗಳನ್ನು ಬಿಡಲಾರದೆ ಇಟ್ಟುಕೊಂಡ ಜನ ಎಲ್ಲೆಲ್ಲಿಂದಲೋ ಅವಳ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಬೂಟ್ ಫ್ಲಾಪಿಯೊಂದನ್ನು ಬಾಯಿಗಿಡದಿದ್ದರೆ ಆ ಯಂತ್ರಗಳು ಕಣ್ಣೇ ಬಿಡುವುದಿಲ್ಲ. ಅವಳು ಹಳೆಯ ಡಿಸ್ಕುಗಳನ್ನು ಆರಿಸಿ, ಪೂರ್ತಿ ಅಳಿಸಿ, ಹೊಸದಾಗಿ ಬರೆದು, ಬೇರೆ ಬೇರೆ ಡ್ರೈವುಗಳಲ್ಲಿ ಓದಿಸಿ, ಎಲ್ಲಿಯೂ ತಡವರಿಸದಿದ್ದರೆ ಮಾತ್ರ ಕೊಡುತ್ತಿದ್ದಳು. ಅವಳ ಫ್ಲಾಪಿ ಕೈಕೊಟ್ಟಿತೆಂದು ದೂರಿದವರು ಯಾರೂ ಇಲ್ಲ, ಮನೆಯಲ್ಲಿದ್ದ ಮಾವನವರೊಬ್ಬರನ್ನು ಬಿಟ್ಟರೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಲೇ ಮುದುಕರಾದವರು ಅವರು. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದ ಜೊತೆಯೆಂದರೆ ಹಳೆಯ ಕಂಪ್ಯೂಟರು, ಅದರೊಳಗಿನ ಚದುರಂಗ.

"ಇವತ್ತೂ ಏಳ್ಲಿಲ್ಲಮ್ಮ ನಿನ್ನ ಫ್ಲಾಪಿ," ಎನ್ನುವರು, ಅವಳು ಚಪ್ಪಲಿ ಬಿಡುವ ಮೊದಲೇ.

"ಬೇರೆ ಮಾಡಿಕೊಡ್ತೀನಿ ಮಾವ."

"ನೀನೇನೋ ಮಾಡ್ತೀಯ. ಅದು ಬಾಳಬೇಕಲ್ಲ!"

ಬಸ್ಸು ಓಡಿಸಿ ಬಂದ ಗಂಡ ತಟ್ಟೆಯಿಂದ ತಲೆಯೆತ್ತದೆ, "ಊರಿಗೆಲ್ಲ ಡಾಕ್ಟರು, ಮನೇಲಿ ಮಾತ್ರ ಕೈಗುಣ ಇಲ್ಲ," ಎಂದು ನಗುತ್ತಿದ್ದ. ಜೊತೆಗೆ ನಗುವಷ್ಟು ತ್ರಾಣ ಅವಳಲ್ಲಿ ಉಳಿದಿರುತ್ತಿರಲಿಲ್ಲ. ಮಾವನವರ ಕಂಪ್ಯೂಟರಿನ ಡ್ರೈವಿನಲ್ಲಿ ಡಿಸ್ಕು ಓದುವ ಹೆಡ್ ಒರೆಸಿದಳು, ಬೆಲ್ಟ್ ಬದಲಿಸಿದಳು, ಕಡೆಗೆ ಡ್ರೈವನ್ನೇ ಬದಲಿಸಿದಳು. ಆದರೂ ಫ್ಲಾಪಿಗಳು ಒಂದರ ಹಿಂದೊಂದು ಕೆಟ್ಟವು. ತನ್ನ ಕೆಲಸದ ಮೇಲಿನ ನಂಬಿಕೆಯೇ ಸವೆಯತೊಡಗಿತು. ಗಿರಾಕಿಗೆ ಕಟ್ಟಿಟ್ಟ ಡಿಸ್ಕನ್ನೂ ಬಿಚ್ಚಿ ಮತ್ತೆ ಓದಿಸುವಳು.

ಹೀಗಿರುವಾಗ ಸೊಂಟ ಹಿಡಿದುಕೊಂಡು ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದಳು. ಮಾವ ಕಿಟಕಿಯ ಬಳಿ ಕುಳಿತಿದ್ದರು. ಫ್ಲಾಪಿಯ ತಗಡಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿ, ಒಳಗಿನ ಕಂದು ಹಾಳೆಗೆ 'ಹಾ' ಎಂದು ಉಸಿರು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಬೆಳಕಿಗೆ ಹಿಡಿದು ನೋಡಿ, ಸಮಾಧಾನವಾಗದೆ ಮತ್ತೆ ಒರೆಸಿದರು.

ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಮಾವ! ಅದನ್ನ ಮುಟ್ಟಲೇಬಾರ್ದು! ನಾನು ಬರ್ದಿರೋದೆಲ್ಲ ಅದರ ಮೇಲೇ ಇರೋದು. ನೀವು ಒರೆಸಿ ಒರೆಸಿ..."

ಮಾವನವರ ಕೈ ನಿಂತಿತು. "ದಿನಾ ಒರೆಸ್ತಿದ್ನಲ್ಲಮ್ಮ," ಎಂದರು. "ಚೊಕ್ಕಟವಾಗಿರ್ಲಿ ಅಂತ."

ಮರುದಿನ ಹೊಸ ಫ್ಲಾಪಿ ಕೊಟ್ಟರೆ ಮುಟ್ಟಲಿಲ್ಲ. "ನನ್ನ ಕೈ ಸರಿಯಿಲ್ಲ, ಬಿಡು," ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಮನೆಯಲ್ಲೀಗ ದೂರೇ ಇಲ್ಲ. ದಣಿದು ಬರುವ ಅವಳಿಗೆ ಆ ಮೌನ ದೂರಿಗಿಂತ ಭಾರವಾಯಿತು.

ಕೊನೆಗೊಂದು ಬೆಳಿಗ್ಗೆ ಅವರ ಕೈಗೆ ಅಂಗಿ ಕೊಟ್ಟು, "ಅಂಗಡಿಗೆ ಬನ್ನಿ," ಎಂದಳು. ಅಲ್ಲಿ ಬಿಚ್ಚಿದ ಡ್ರೈವೊಂದನ್ನು ಎದುರಿಗಿಟ್ಟಳು. "ಡಿಸ್ಕನ್ನ ಓದೋದು ಈ ಹೆಡ್ಡು. ಇದನ್ನ ಒರೆಸ್ಲೇಬೇಕು. ಸ್ಪಿರಿಟ್ಟಲ್ಲಿ, ಹಗುರವಾಗಿ. ನನ್ನ ಕಣ್ಣು ಸೋತಿದೆ ಮಾವ, ಕೈನೂ ನಡುಗುತ್ತೆ."

ಅದು ಸುಳ್ಳೂ ಆಗಿರಲಿಲ್ಲ. ಮಾವ ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಗ್ಗಿ, ಉಸಿರು ಬಿಗಿಹಿಡಿದು ಒರೆಸಿದರು. ಕಪ್ಪಾದ ಹತ್ತಿಯನ್ನು ಅವಳ ಮೂಗಿನ ಮುಂದೆ ಹಿಡಿದು, "ಇಷ್ಟು ಕೊಳೆ ಇಟ್ಕೊಂಡು ವ್ಯಾಪಾರ ಮಾಡ್ತಿದ್ಯಾ?" ಎಂದರು.

ಈಗ ದಿನವೂ ಬರುತ್ತಾರೆ. ಚದುರಂಗವೂ ಮತ್ತೆ ಶುರುವಾಗಿದೆ. ಧೂಳಿನ ಬಗ್ಗೆ ಅವರ ಗೊಣಗಾಟ ಅಂಗಡಿಯ ಬಾಗಿಲು ಹಾಕುವವರೆಗೂ ನಿಲ್ಲುವುದಿಲ್ಲ, ಅವಳ ಸೊಂಟನೋವೂ ಹೋಗಿಲ್ಲ. ಆದರೆ ಊಟವಾದ ಮೇಲೆ ಅವಳು ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿದಾಗ ಗಿರಾಕಿ ಯಾರಾದರೂ ಬಂದರೆ, ಮಾವ ತುಟಿಯ ಮೇಲೆ ಬೆರಳಿಡುತ್ತಾರೆ.

"ಸ್ವಲ್ಪ ಕೂತ್ಕೊಳ್ಳಿ," ಎನ್ನುತ್ತಾರೆ. "ಈಗ ತಾನೇ ಕಣ್ಣು ಹತ್ತಿದೆ ಅವಳಿಗೆ."